ಜುಲುಗಳ ಪರವಾಗಿ ದಾಳ

ನಮ್ಮ ಭಾವನವರು ನಾಲ್ಕು ದಿನದಿಂದ ಊಟದ ಮೇಜಿನ ಮೇಲೆ ಬ್ರಿಟಿಷ್ ಸಾಮ್ರಾಜ್ಯ ಉಳಿಸುತ್ತಿದ್ದಾರೆ. ಮನೆಮಂದಿಗೆಲ್ಲ ಚಾಪೆ ಮೇಲೆ ಊಟ. ಅಕ್ಕ ಸಾರಿನ ಪಾತ್ರೆ ಹಿಡಿದು ಹತ್ತಿರ ಸುಳಿದರೆ ಸಾಕು, "ಅಯ್ಯೋ, ಆಸ್ಪತ್ರೆ!" ಅಂತ ಕಿರುಚುತ್ತಾರೆ. ರೋರ್ಕ್ಸ್ ಡ್ರಿಫ್ಟ್, 1879: ದಕ್ಷಿಣ ಆಫ್ರಿಕದ ಒಂದು ಬ್ರಿಟಿಷ್ ಠಾಣ್ಯದ ಮೇಲೆ ಅಲ್ಲಿನ ಜುಲು ಜನರ ಸೈನ್ಯ ನುಗ್ಗಿದ ಕಾಳಗ. ಆ ಆಸ್ಪತ್ರೆಗೆ ಜುಲುಗಳು ಬೆಂಕಿ ಇಡಬೇಕು. ಸಾರು ಚೆಲ್ಲಿ ಬೆಂಕಿ ಆರಿದರೆ ಇತಿಹಾಸ ಏನಾಗಬೇಕು?

ಇದು ಪುಟ್ಟ ಬೊಂಬೆ ಸೈನಿಕರನ್ನಿಟ್ಟು ಒಬ್ಬರೇ ಆಡುವ ಯುದ್ಧ. ಬಿಳಿಯರಿಗೆ ಭಾವನ ತಲೆ, ಜುಲುಗಳಿಗೆ ದಾಳ. ಗರ ಬಿದ್ದಷ್ಟು ಮನೆ ಮುಂದೆ ಬರುತ್ತಾರೆ, ಗುಂಡು ತಿನ್ನುತ್ತಾರೆ, ಮತ್ತೆ ಬರುತ್ತಾರೆ. ಇಷ್ಟು ವಿಧೇಯ ಶತ್ರು ಶಕುನಿಗೂ ಸಿಕ್ಕಿರಲಿಲ್ಲ. ನಮ್ಮಜ್ಜಿಯೂ ಮಧ್ಯಾಹ್ನ ಒಬ್ಬಳೇ ಚೌಕಾಬಾರ ಆಡುತ್ತಿದ್ದಳು. ಒಂದು ಕಡೆ ಬಳೆಚೂರು, ಇನ್ನೊಂದು ಕಡೆ ಹುಣಸೆಬೀಜ, ಇಲ್ಲದ ಎದುರಾಳಿಗೆ ಬೈಗುಳ. ಆದರೆ ಮುದುಕಿ ಎರಡೂ ಕಡೆಗೆ ಸಮನಾಗಿ ಮೋಸ ಮಾಡುತ್ತಿದ್ದಳು.

ಭಾವ ಹಾಗಲ್ಲ. ಗೋಡೆಗೆ ಒಡ್ಡಿದ ಕಾಳಿನಷ್ಟು ಬಿಸ್ಕತ್ತಿನ ಪೆಟ್ಟಿಗೆಗೂ ಭೂತಗನ್ನಡಿ ಹಿಡಿದು ಬಣ್ಣ ಬಳಿದಿದ್ದಾರೆ. ಕೆಂಪು ಕೋಟಿನ ಗುಂಡಿಗೂ ಒಂದು ಚುಕ್ಕೆ. ಜುಲುಗಳನ್ನು ಮಾತ್ರ ಕಂದು ಬಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದದ್ದು.

"ಭಾವ, ಜುಲುಗಳಿಗೆ ಸ್ವಂತ ಬುದ್ಧಿ ಇರಲಿಲ್ಲವೇ?"

"ಆಟಕ್ಕೆ ಅದು ಬೇಕಾಗಲ್ಲ ಕಣೋ."

ಈ ಕಾಳಗ ಶುರುವಾದ ಅದೇ ಜನವರಿ 22ರ ಮಧ್ಯಾಹ್ನ, ಹತ್ತಿರದ ಇಸಾಂಡ್ಲ್ವಾನಾದಲ್ಲಿ ಹೋರಿಯ ಎದೆ, ಎರಡು ಕೊಂಬು ಎಂಬ ವ್ಯೂಹ ಕಟ್ಟಿ ಬ್ರಿಟಿಷರ ಕಡೆಯ 1,300ಕ್ಕೂ ಹೆಚ್ಚು ಮಂದಿಯನ್ನು ಮುಗಿಸಿದ್ದು ಇದೇ ಸೈನ್ಯ. ದಾಳ ಹಾಕಿ ಮುಗಿಸಿದ್ದಲ್ಲ. ಇನ್ನು ಭಾವ 'ರಕ್ಷಣೆ' ಮಾಡುತ್ತಿರುವ ಜಾಗ ಗಡಿ ನದಿಯ ಈಚೆಗೆ, ಬ್ರಿಟಿಷರ ವಸಾಹತಾಗಿದ್ದ ನಟಾಲ್ ದಂಡೆಯದೇ, ಒಪ್ಪಿದೆ. ಆದರೆ 11 ದಿನ ಮುಂಚೆ ಅಲ್ಲಿಂದಲೇ ನದಿ ದಾಟಿ ಜುಲುನಾಡಿಗೆ ನುಗ್ಗಿದವರು ಯಾರು? ಆಟ ಶುರುವಾಗುವುದೇ ಅದಾದ ಮೇಲೆ.

ನಾಳೆ ಯಾರಾದರೂ ಕಿತ್ತೂರಿನ ಆಟ ತಂದು, 1824ರ ಥ್ಯಾಕರೆ ಸಾಹೇಬರ ಕುರ್ಚಿಯಲ್ಲಿ ಇವರನ್ನು ಕೂರಿಸಿ, ಚೆನ್ನಮ್ಮನ ಪರ ದಾಳ ಉರುಳಿಸಿದರೆ ಭಾವನ ರಕ್ತ ಕುದಿಯುತ್ತದೆ. ಜುಲುಗಳಿಗಾದರೆ ಬೆಚ್ಚಗೂ ಆಗುವುದಿಲ್ಲ.

ನಿನ್ನೆ ರಾತ್ರಿ ಗೆದ್ದರು. ಆ ಕಾಳಗಕ್ಕೆ ಸಿಕ್ಕ 11 ವಿಕ್ಟೋರಿಯಾ ಕ್ರಾಸ್ ಶೌರ್ಯಪದಕಗಳ ಕಥೆ ನನಗೆ ಎರಡು ಸಲ ಆಯಿತು. ಮಾರನೆಯ ದಿನ ಗಾಯಗೊಂಡು ಬಿದ್ದಿದ್ದ ಜುಲುಗಳನ್ನು ಕೊಂದರಲ್ಲ, ಅದಕ್ಕೆ ಕಾಯಿಯೂ ಇಲ್ಲ, ಗರವೂ ಇಲ್ಲ. ಬೆಳಗಾಗುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಮುಂದಿನದು ಒಮ್ಡರ್ಮನ್ ಅಂತೆ, 1898. ಸತ್ತ ಸುಡಾನಿನವರು 10,000ಕ್ಕೂ ಹೆಚ್ಚು, ಮ್ಯಾಕ್ಸಿಂ ಗನ್ ಎಂಬ ಯಂತ್ರಬಂದೂಕು ಇದ್ದ ಬ್ರಿಟಿಷರ ಕಡೆ 50ರ ಆಸುಪಾಸು. ಇದರಲ್ಲಿ ಆಡೋಕೆ ಏನಿದೆ ಭಾವ?

ಅಕ್ಕ ಚಾಪೆ ಇನ್ನೂ ಸುತ್ತಿಟ್ಟಿಲ್ಲ.