ಕನಿಷ್ಠ ಅರ್ಹತೆ: 4 ಜಿಬಿ ರ‍್ಯಾಮ್, ಒಂದು ಗುಡ್ಡ

ವಿಂಡೋಸ್ 11 ಹಾಕಿಕೊಳ್ಳಲು ಕಂಪ್ಯೂಟರಿನಲ್ಲಿ ಏನೇನಿರಬೇಕು ಎಂದು ಮೈಕ್ರೋಸಾಫ್ಟ್ ಪಟ್ಟಿ ಕೊಟ್ಟಿದೆ. ಎರಡು ಕೋರಿನ, 1 ಗಿಗಾಹರ್ಟ್ಸ್ ಪ್ರೊಸೆಸರ್. 4 ಜಿಬಿ ರ‍್ಯಾಮ್. 64 ಜಿಬಿ ಜಾಗ. ಅಪರಿಚಿತ ತಂತ್ರಾಂಶದಿಂದ ಯಂತ್ರ ಶುರುವಾಗದಂತೆ ತಡೆಯುವ ಸೆಕ್ಯೂರ್ ಬೂಟ್. ಗುಟ್ಟಿನ ಕೀಲಿಗಳನ್ನು ಕಾಯುವ ಟಿಪಿಎಂ 2.0. ಇಂಟರ್ನೆಟ್. ಮೈಕ್ರೋಸಾಫ್ಟ್ ಅಕೌಂಟ್. ಪಟ್ಟಿ ಬರೆದವರು ಹೊಸನಗರದ ಕಡೆ ಒಂದು ಆಷಾಢ ಕಳೆದವರಲ್ಲ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಕಳೆದಿದ್ದರೆ ಇನ್ನೂ ನಾಲ್ಕು ಐಟಂ ಸೇರುತ್ತಿದ್ದವು: ಟವರಿನ ದಿಕ್ಕಿಗೆ ಮುಖ ಮಾಡಿದ ಒಂದು ಗುಡ್ಡ, ಅದನ್ನು ಹತ್ತಿ ಇಳಿಯಬಲ್ಲ ಒಬ್ಬ ಹುಡುಗ, ಅವನ ತಲೆಗೆ ಮಳೆ ತಡೆಯುವ ಗೊರಬು, ಕಾಲಿಗೆ ಹತ್ತುವ ಇಂಬಳಕ್ಕೆ (ಜಿಗಣೆಗೆ) ಸುಣ್ಣ-ಹೊಗೆಸೊಪ್ಪು.

ಗುಡ್ಡ ಯಾಕೆ ಅಂತ ಬಯಲುಸೀಮೆಯವರು ಕೇಳಬಹುದು. ಹೊಸ ವಿಂಡೋಸ್ ಮೊದಲ ಸಲ ಕಣ್ಣು ಬಿಟ್ಟಾಗ ಅಕೌಂಟ್ ಕೇಳುತ್ತದೆ. ಅಕೌಂಟಿಗೆ ಫೋನ್ ನಂಬರ್ ಕೊಟ್ಟರೆ ಆ ನಂಬರಿಗೆ ಕೋಡ್ ಬರುತ್ತದೆ. ಸಿಗ್ನಲ್ ಇರುವುದು ಗುಡ್ಡದ ನೆತ್ತಿಯಲ್ಲಿ, ಕಂಪ್ಯೂಟರ್ ಇರುವುದು ಜಗಲಿಯಲ್ಲಿ. ಕೋಡಿನ ಆಯುಷ್ಯ ಕೆಲವೇ ನಿಮಿಷ. ಜಾರುವ ದಾರಿಯಲ್ಲಿ ಅಷ್ಟರೊಳಗೆ ಕೆಳಗಿಳಿದರೆ ಕೈಯೋ ಕಾಲೋ ಮುರಿಯುತ್ತದೆ. ಹಾಗಾಗಿ ಡೇಟಾ ವರ್ಗಾವಣೆಗೆ ಗಂಟಲೇ ಗತಿ.

"ಬಂತೇನೋ ಮಾಣಿ?"

"ಬಂತು ಅಪ್ಪಯ್ಯಾ! ನಾಕು, ಏಳು, ಏಳು, ಒಂಬತ್ತು..."

"ಒಂದೋ, ಒಂಬತ್ತೋ?"

"ಹಾಂ, ಅದೇ!"

ನಾಲ್ಕಾರು ಸಲ ತಪ್ಪಿದರೆ, ತುಂಬಾ ಸಲ ಪ್ರಯತ್ನಿಸಿದ್ದೀರಿ, ಆಮೇಲೆ ಬನ್ನಿ ಎಂದು ಪರದೆ ವಿನಯದಿಂದ ಹೇಳುತ್ತದೆ. ಆಮೇಲೆ ಎಂದರೆ ಇನ್ನೊಂದು ಸಲ ಗುಡ್ಡ.

ನೆಟ್‌ವರ್ಕೇ ಬೇಡದ ಕೋಡ್ ಜಗತ್ತಿನಲ್ಲಿ ಇಲ್ಲವೇ ಎಂದರೆ, ಇದೆ. ಅಥೆಂಟಿಕೇಟರ್ ಆ್ಯಪ್ 30 ಸೆಕೆಂಡಿಗೊಂದು ಆರಂಕಿ ತೋರಿಸುತ್ತದಲ್ಲ, ಅದು ಎಲ್ಲಿಂದಲೂ ಬರುವುದಿಲ್ಲ. ಮೊದಲ ದಿನ ಹಂಚಿಕೊಂಡ ಗುಟ್ಟಿನ ಕೀಲಿ ಮತ್ತು ಫೋನಿನ ಗಡಿಯಾರ, ಎರಡನ್ನೂ ಸೇರಿಸಿ ಫೋನೇ ಲೆಕ್ಕ ಹಾಕುತ್ತದೆ. ಫೋನಿನ ಟೈಮ್ ಸರಿಯಿದ್ದರೆ ಆಗುಂಬೆಯ ಕಾಡಿನಲ್ಲೂ ಸರಿಯಾದ ಕೋಡೇ ಬರುತ್ತದೆ. ಮೈಕ್ರೋಸಾಫ್ಟ್, ಗೂಗಲ್ ಎರಡೂ ಇದನ್ನು ಒಪ್ಪುತ್ತವೆ. ಆದರೆ ಇದನ್ನು ಜೋಡಿಸಲು ಅಕೌಂಟ್ ಒಳಗೆ ಹೋಗಬೇಕು, ಒಳಗೆ ಹೋಗಲು ಮೊದಲು ಒಂದು ಎಸ್‌ಎಂಎಸ್. ಮನೆಗೆ ಫೈಬರ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಟ್ಟುಕೊಳ್ಳಿ, ಅರ್ಧ ಗುಡ್ಡ ಉಳಿಯುತ್ತದೆ. ಇನ್ನರ್ಧ ನಿಮ್ಮ ಸಿಮ್ ಕಂಪನಿಯ ಕೃಪೆ.

ಇಷ್ಟೆಲ್ಲ ಯಾಕೆ, ಇದ್ದ ವಿಂಡೋಸ್ 10 ಚೆನ್ನಾಗೇ ಇತ್ತಲ್ಲ ಎಂದಿರಾ? ಚೆನ್ನಾಗಿದ್ದದ್ದೇ ಅದರ ತಪ್ಪು. 2015ರಲ್ಲಿ ಅದು ಬಂದಾಗ ಇದೇ ಕೊನೆಯ ವಿಂಡೋಸ್ ಎಂದು ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನದಲ್ಲಿ ಹೇಳಿದ್ದರು. 2021ರ ಅಕ್ಟೋಬರಿನಲ್ಲಿ 11 ಬಂತು. 2025ರ ಅಕ್ಟೋಬರ್ 14ಕ್ಕೆ 10ರ ಉಚಿತ ಅಪ್‌ಡೇಟ್ ನಿಂತಿತು. ಯಂತ್ರ ನಿಲ್ಲಲಿಲ್ಲ, ಅದು ಇವತ್ತೂ ತೋಟದ ಲೆಕ್ಕ ಬರೆಯುತ್ತಿದೆ. ನಿಂತದ್ದು ಅದರ ಮೇಲಿನ ಮರ್ಯಾದೆ.

ಆ ಮರ್ಯಾದೆ ಹಂಚಿದ ರೀತಿ ನೋಡಿ. ಇಂಟೆಲ್ ಪ್ರೊಸೆಸರಾದರೆ 8ನೇ ತಲೆಮಾರಿನಿಂದ ಈಚೆಗೆ ಮಾತ್ರ ಪಂಕ್ತಿಯಲ್ಲಿ ಎಲೆ. ಕೋರ್ ಐ7-7700ಕೆ ಎಂಬ ಗಟ್ಟಿ ಆಳು 7ನೆಯದು, ಆದ್ದರಿಂದ ಹೊರಗೆ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುವ ಸೆಲೆರಾನ್ ಎನ್4000ಗೆ ಒಳಗೆ ಎಲೆ ಹಾಕಿದೆ. ಟಿಪಿಎಂ ಇಲ್ಲದ್ದಕ್ಕೆ ಹೀಗೆ ಅನ್ನೋಣವೆಂದರೆ 7ನೇ ತಲೆಮಾರಿನ ಎಷ್ಟೋ ಬೋರ್ಡುಗಳಲ್ಲಿ ಟಿಪಿಎಂ 2.0 ಇದೆ. ಬಯಾಸಿಗೆ, ಅಂದರೆ ಯಂತ್ರ ಶುರುವಾಗುವಾಗಿನ ಸೆಟ್ಟಿಂಗಿಗೆ, ಹೋಗಿ ಇಂಟೆಲ್ ಪಿಟಿಟಿ ಎಂಬುದನ್ನು ಆನ್ ಮಾಡಿದರೆ ಸಾಕು. ಆನ್ ಮಾಡಿದರೂ ಎಲೆ ಇಲ್ಲ. ಆದರೆ 7ನೇ ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಒಂದೇ ಒಂದಕ್ಕೆ, ಐ7-7820ಎಚ್‌ಕ್ಯು ಎಂಬುದಕ್ಕೆ, ವಿಶೇಷ ರಿಯಾಯಿತಿ ಸಿಕ್ಕಿತು. ಅದು ಮೈಕ್ರೋಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರ ಒಳಗಿತ್ತು. ಬಡಿಸುವವರು ನಮ್ಮವರಾದರೆ ಕೊನೆ ಪಂಕ್ತಿಯಲ್ಲಿ ಕೂತರೂ ಆದೀತು ಎಂಬುದು ಅಮೆರಿಕದಲ್ಲೂ ಚಾಲ್ತಿಯಲ್ಲಿದೆ.

ಹೊರಗೆ ಉಳಿದವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಕೃಪಾವಧಿ ಕೊಟ್ಟರು. 30 ಡಾಲರ್ ಕೊಡಿ, ಅಥವಾ 1000 ರಿವಾರ್ಡ್ ಪಾಯಿಂಟ್ ಕೊಡಿ, ಎರಡೂ ಇಲ್ಲದಿದ್ದರೆ ನಿಮ್ಮ ಸೆಟ್ಟಿಂಗ್‌ಗಳನ್ನು ನಮ್ಮ ಸರ್ವರಿಗೆ ಬ್ಯಾಕಪ್ ಮಾಡಿ, ಪುಕ್ಕಟೆ ಕೊಡುತ್ತೇವೆ. ಮೂರಕ್ಕೂ ಅಕೌಂಟ್ ಬೇಕು. ಅಕೌಂಟಿಗೆ ಏನು ಬೇಕೆಂದು ಆಗಲೇ ಹೇಳಿದೆ.

ಅಡ್ಡದಾರಿ ಇಲ್ಲದೆ ಇಲ್ಲ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ತಯಾರಿಸುವ ರೂಫಸ್ ಎಂಬ ಪುಟ್ಟ ಉಚಿತ ತಂತ್ರಾಂಶದಲ್ಲಿ ವಿಂಡೋಸ್ 11ರ ಐಎಸ್ಒ, ಅಂದರೆ ಇಡೀ ಇನ್‌ಸ್ಟಾಲರ್ ಅಡಗಿದ ಒಂದೇ ಫೈಲ್, ಆರಿಸಿ ಸ್ಟಾರ್ಟ್ ಒತ್ತಿದರೆ ಒಂದು ಕಿಟಕಿ ಬರುತ್ತದೆ. ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮ್ ಕೇಳಬೇಡ. ಆನ್‌ಲೈನ್ ಅಕೌಂಟ್ ಕೇಳಬೇಡ. ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿ ಹಾಕಬೇಡ ಎಂದು ಒಂದೊಂದಕ್ಕೂ ಟಿಕ್ ಹಾಕಬಹುದು. ಪೆನ್‌ಡ್ರೈವ್ 8 ಜಿಬಿಯದಾದರೆ ಸಾಕು. ಐಎಸ್ಒ ಒಳಗಿನ ಫೈಲ್‌ಗಳನ್ನು ಸುಮ್ಮನೆ ಕಾಪಿ ಮಾಡಲು ಹೋಗಬೇಡಿ. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಇರುತ್ತದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ವಿಂಡೋಸಿನ ಮುಖ್ಯ ಫೈಲ್ ಅದಕ್ಕಿಂತ ದೊಡ್ಡದು. ರೂಫಸ್ ಅದನ್ನೂ ನೋಡಿಕೊಳ್ಳುತ್ತದೆ. ಇನ್ನೊಂದು ಷರತ್ತು: ಯಂತ್ರದೊಳಗಷ್ಟೇ ಇರುವ ಲೋಕಲ್ ಅಕೌಂಟ್ ಆಗಬೇಕಾದರೆ ಇನ್‌ಸ್ಟಾಲ್ ಮಾಡುವಾಗ ನೆಟ್ ಇರಬಾರದು. ಇಡೀ ತಂತ್ರಜ್ಞಾನ ಲೋಕದಲ್ಲಿ ಶರಾವತಿ ಹಿನ್ನೀರಿನವರಿಗೆ ಅನುಕೂಲವಾಗುವಂತೆ ಬರೆದ ಷರತ್ತು ಇದೊಂದೇ ಇರಬೇಕು.

ಸಾಮಾನ್ಯ ಪೆನ್‌ಡ್ರೈವಿನಿಂದ ಹೊರಟವರಿಗೆ ಶಿಫ್ಟ್ ಮತ್ತು ಎಫ್10 ಒತ್ತಿ, ಕಪ್ಪು ಕಿಟಕಿಯಲ್ಲಿ ನೆಟ್, ಅಕೌಂಟ್ ಎರಡನ್ನೂ ತಪ್ಪಿಸುವ ಬೈಪಾಸ್ ಎನ್ಆರ್‌ಒ ಆಜ್ಞೆ ಬರೆಯುವ ದಾರಿ ಒಂದಿತ್ತು. 2025ರಲ್ಲಿ ಪರೀಕ್ಷಾ ಆವೃತ್ತಿಗಳಿಂದ ಅದನ್ನೂ ತೆಗೆಯತೊಡಗಿದರು. ಬೇಲಿಯಲ್ಲಿ ಇದ್ದ ಕಂಡಿಯನ್ನು ಹುಡುಕಿ ಹುಡುಕಿ ಮುಚ್ಚುವ ಈ ಶ್ರದ್ಧೆಯನ್ನು ಪ್ರಿಂಟರ್ ಡ್ರೈವರಿನ ಮೇಲೆ ತೋರಿಸಿದ್ದರೆ ಎಷ್ಟೋ ಕಚೇರಿಗಳು ಉದ್ಧಾರವಾಗುತ್ತಿದ್ದವು.

ಕಂಡಿ ಮುಚ್ಚಿದ ಮೇಲಿನ ದೃಶ್ಯ ಹೀಗಿರುತ್ತದೆ. ಇನ್‌ಸ್ಟಾಲರ್ ನೆಟ್ ಕೇಳುತ್ತದೆ. ನೆಟ್‌ಗೆ ವೈಫೈ ಬೇಕು. ಆ ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ ಡ್ರೈವರ್ ಐಎಸ್ಒ ಒಳಗೆ ಇಲ್ಲ. ಡ್ರೈವರ್ ನೆಟ್‌ನಲ್ಲಿದೆ. ಲ್ಯಾಪ್‌ಟಾಪ್ ತೆಳ್ಳಗಾಗಲಿ ಎಂದು ಲ್ಯಾನ್ ಪೋರ್ಟನ್ನು ಕಂಪನಿಯೇ ಕಿತ್ತಿದೆ. ಫೋನಿಗೆ ಕೇಬಲ್ ಚುಚ್ಚಿ ಯುಎಸ್‌ಬಿ ಟೆಥರಿಂಗ್ ಮಾಡಿದರೆ ಬಹುತೇಕ ಆಂಡ್ರಾಯ್ಡ್ ಫೋನ್‌ಗಳು ಡ್ರೈವರಿಲ್ಲದೆ ಕೆಲಸ ಮಾಡುತ್ತವೆ ಎಂಬುದು ನಿಜ, ಫೋನಿನ ಜತೆ ಲ್ಯಾಪ್‌ಟಾಪನ್ನೂ ಗೊರಬಿನಡಿ ಗುಡ್ಡಕ್ಕೆ ಹೊರಬೇಕು ಅಷ್ಟೆ. ಅದರ ಬದಲು ಶಿವಮೊಗ್ಗಕ್ಕೆ ಹೋದಾಗಲೇ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ವೈಫೈ ಡ್ರೈವರ್ ಇಳಿಸಿ, ಬಿಚ್ಚಿ, ಪೆನ್‌ಡ್ರೈವಿಗೆ ಹಾಕಿಕೊಂಡು ಬನ್ನಿ. ನೆಟ್ ಕೇಳುವ ಹೊಸ ಪರದೆಯಲ್ಲಿ ಡ್ರೈವರ್ ಹಾಕುವ ಗುಂಡಿ ಇರುತ್ತದೆ.

ಅಂತೂ ಒಳಗೆ ಹೋದಿರಿ ಎನ್ನಿ. ಮೈಕ್ರೋಸಾಫ್ಟ್ ಅಕೌಂಟಿನಿಂದಲೇ ಹೋಗಿದ್ದರೆ 24ಎಚ್2 ಆವೃತ್ತಿಯಿಂದ ಈಚೆಗೆ ಡ್ರೈವ್ ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಅದರ ಕೀ 48 ಅಂಕಿ. ಅದನ್ನು ಜೋಪಾನವಾಗಿ ಇಟ್ಟಿರುವುದು ನಿಮ್ಮ ಮನೆಯಲ್ಲಲ್ಲ, ಅಕೌಂಟಿನಲ್ಲಿ. ಬಯಾಸ್ ಅಪ್‌ಡೇಟ್ ಆದರೆ, ಸೆಕ್ಯೂರ್ ಬೂಟ್ ಬದಲಾದರೆ, ಬೋರ್ಡ್ ಬದಲಿಸಿದರೆ ನೀಲಿ ಪರದೆ ಬಂದು ಆ 48 ಅಂಕಿ ಕೇಳಬಹುದು. ಆಗ ನೆಟ್ ಇರುವ ಇನ್ನೊಂದು ಯಂತ್ರ, ಅದರಲ್ಲಿ ಲಾಗಿನ್, ಲಾಗಿನ್‌ಗೆ ಕೋಡ್. 6 ಅಂಕಿಗೇ ಗಂಟಲು ಹರಿದುಕೊಂಡವರು 48ನ್ನು ಕೂಗಿ ಹೇಳುವ ಚಿತ್ರ ನಿಮ್ಮ ಕಲ್ಪನೆಗೆ ಬಿಟ್ಟದ್ದು. ಇವತ್ತೇ ಆ ಕೀ ಪ್ರಿಂಟ್ ತೆಗೆದು ಪಹಣಿ ಇಡುವ ಪೆಟ್ಟಿಗೆಯಲ್ಲಿ ಇಡಿ. ಇಲ್ಲವೆಂದರೆ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ, ಡಿವೈಸ್ ಎನ್‌ಕ್ರಿಪ್ಶನ್ ಎಂದು ಹೋಗಿ ಆಫ್ ಮಾಡಿ.

ಅಪ್‌ಡೇಟ್ ಬಂದಾಗ "ಕಂಪ್ಯೂಟರ್ ಆಫ್ ಮಾಡಬೇಡಿ" ಎಂದು ಬರುತ್ತದೆ. ಈ ಮಾತನ್ನು ನಮಗೆ ಹೇಳಿ ಪ್ರಯೋಜನವಿಲ್ಲ, ಲೈನಿನ ಮೇಲೆ ವಾಲಿಕೊಂಡ ಧೂಪದ ಮರಕ್ಕೆ ಹೇಳಬೇಕು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅಲ್ಲಿ ಹುಟ್ಟಿದ ಕರೆಂಟ್ ಪಕ್ಕದ ಹಳ್ಳಿಯ ದಾರಿ ಮಳೆಗಾಲದಲ್ಲಿ ಮರೆಯುತ್ತದೆ. 600 ವಿಎ ಯುಪಿಎಸ್ ಒಂದು ಡೆಸ್ಕ್‌ಟಾಪನ್ನು ಹತ್ತು-ಹದಿನೈದು ನಿಮಿಷ ಹಿಡಿದೀತು, ದೊಡ್ಡ ಅಪ್‌ಡೇಟಿಗೆ ಅದು ಸಾಲದು. ವೈಫೈ ಕನೆಕ್ಷನ್ನಿನ ಪ್ರಾಪರ್ಟೀಸಿನಲ್ಲಿ "ಮೀಟರ್ಡ್" ಎಂದು ಆನ್ ಮಾಡಿಟ್ಟರೆ ಹೆಚ್ಚಿನ ಅಪ್‌ಡೇಟ್ ತಾನಾಗಿ ಇಳಿಯುವುದಿಲ್ಲ. ಬಿಸಿಲು ಬಂದ ದಿನ, ಕರೆಂಟ್ ಗಟ್ಟಿಯಿದ್ದಾಗ ನೀವೇ ಕರೆದು ಹಾಕಿಕೊಳ್ಳಿ.

ಟಿಪಿಎಂ ಇದೆಯಲ್ಲ, ಅದು ಕಳ್ಳರಿಂದ ರಕ್ಷಣೆ ಕೊಡುತ್ತದೆ, ಒಪ್ಪೋಣ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಕಂಪ್ಯೂಟರನ್ನು ಕೊಲ್ಲುವವರು ಬೇರೆ. ಥಂಡಿಗೆ ರ‍್ಯಾಮಿನ ಹೊಳಪು ಹಲ್ಲುಗಳ ಮೇಲೆ ಮಬ್ಬು ಕೂರುತ್ತದೆ, ಯಂತ್ರ ಬೀಪ್ ಬೀಪ್ ಎಂದು ಅಳುತ್ತದೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದರೆ ಎಷ್ಟೋ ಯಂತ್ರಗಳು ಅಲ್ಲೇ ಸರಿಹೋಗುತ್ತವೆ. ಬೆಚ್ಚಗಿದೆ ಎಂದು ಕರೆಂಟ್ ಹಂಚುವ ಡಬ್ಬಿಯಾದ ಎಸ್ಎಂಪಿಎಸ್ ಒಳಗೆ ಇರುವೆ ಸಂಸಾರ ಹೂಡುತ್ತವೆ, ಇರುವೆ ಹುಡುಕಿಕೊಂಡು ಹಲ್ಲಿ ಹೋಗುತ್ತದೆ, ಹಲ್ಲಿ ಎರಡು ಟರ್ಮಿನಲ್ಲಿಗೆ ಅಡ್ಡ ಮಲಗಿದ ದಿನ ಢಮಾರ್. ಸಿಡಿಲಿಗೆ ಪ್ಲಗ್ ಕಿತ್ತರೆ ಸಾಕು ಎಂದುಕೊಂಡವರ ಬೋರ್ಡು ಲ್ಯಾನ್ ಕೇಬಲಿನಿಂದ ಸುಟ್ಟಿರುತ್ತದೆ. ಗುಡುಗು ಕೇಳಿದ ಕೂಡಲೇ ಲ್ಯಾನ್, ಡಿಟಿಎಚ್ ವಯರ್ ಎರಡನ್ನೂ ಬಿಡಿಸಬೇಕು. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಯಂತ್ರ ಓಡಿಸಿದರೆ ಒಳಗಿನ ಥಂಡಿ ತಾನೇ ಒಣಗುತ್ತದೆ. ಈ ಯಾವುದೂ ಕನಿಷ್ಠ ಅರ್ಹತೆಯ ಪಟ್ಟಿಯಲ್ಲಿ ಇಲ್ಲ.

ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಸಿಆರ್2032, ಸತ್ತಾಗಲೂ ಇದೇ ಪಾಡು. ಯಂತ್ರದ ತಾರೀಕು ಹಿಂದಕ್ಕೆ ಹೋಗುತ್ತದೆ. ಹಳೆ ತಾರೀಕಿನ ಕಣ್ಣಿಗೆ ಪ್ರತಿಯೊಂದು ಸೈಟಿನ ಸರ್ಟಿಫಿಕೇಟೂ ಇನ್ನೂ ಹುಟ್ಟಿಲ್ಲ, ಆದ್ದರಿಂದ ಎಲ್ಲ ಸೈಟೂ ಅಪಾಯಕಾರಿ ಎಂದು ಕೆಂಪು ಪರದೆ. ವೈರಸ್ ಬಂದಿದೆ ಎಂದು ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಟ್ಟವರುಂಟು. ಬೇಕಾಗಿದ್ದದ್ದು ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಒಂದು ಸೆಲ್.

ಕೆಲಸ ಬಿಡಿ, ಹೊತ್ತು ಕಳೆಯೋಣ ಎಂದರೆ ಅಲ್ಲೂ ಅಪ್ಪಣೆ ಬೇಕು. ಒಟಿಟಿಯಲ್ಲಿ ಡೌನ್‌ಲೋಡ್ ಮಾಡಿ ತಂದ ಸಿನಿಮಾ ಫೋನಿನಲ್ಲೇ ಇರುತ್ತದೆ, ನೋಡಲು ಶುರು ಮಾಡಿದ 48 ಗಂಟೆಗೆ ಕೆಲವು ಮುಗಿದುಹೋಗುತ್ತವೆ. ಹಳಸಲು ಅದೇನು ಅನ್ನವಲ್ಲ. ನವೀಕರಿಸಲು ನೆಟ್ ಬೇಕು, ನೆಟ್ ಇದ್ದಿದ್ದರೆ ಡೌನ್‌ಲೋಡ್ ಯಾರು ಮಾಡುತ್ತಿದ್ದರು? ಆಟಗಳ ಕಥೆ ಇನ್ನೂ ಚೆಂದ. 2014ರಲ್ಲಿ ಬಂದ ದಿ ಕ್ರೂ ಎಂಬ ಕಾರ್ ರೇಸಿನ ಆಟ ಒಬ್ಬರೇ ಕೂತು ಆಡಿದರೂ ಸರ್ವರ್ ಕೇಳುತ್ತಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು, ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಡಬ್ಬಿ. ಆಟಗಳನ್ನು ಹೀಗೆ ಕೊಲ್ಲಬೇಡಿ ಎಂಬ ಅರ್ಜಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ, ನೀವು ಕೊಳ್ಳುತ್ತಿರುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು ಎಂದು ಅಂಗಡಿಯೇ ತಿಳಿಸಬೇಕೆಂಬ ಕಾನೂನು ಬಂದಿದೆ. ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಹೋರಾಟದ ಕಾಗೋಡು ಪಕ್ಕದ ಸಾಗರ ತಾಲ್ಲೂಕಿನಲ್ಲೇ ಇದೆ. ಅಲ್ಲಿಯ ಮೊಮ್ಮಕ್ಕಳೆಲ್ಲ ಈಗ ಡಿಜಿಟಲ್ ಗೇಣಿದಾರರು.

ಎಲೆ ಸಿಗದ ಯಂತ್ರಗಳಿಗೆ ವಿಂಡೋಸಿನ ಬದಲು ಉಚಿತವಾದ ಲಿನಕ್ಸ್ ಹಾಕಬಹುದು, ಚೆನ್ನಾಗಿಯೇ ನಡೆಯುತ್ತದೆ. ಲಿನಕ್ಸ್ ಮಿಂಟಿನ ಎಕ್ಸ್ಎಫ್‌ಸಿಇ ಆವೃತ್ತಿಗೆ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಸುಖ. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ. ಹಾರ್ಡ್ ಡಿಸ್ಕ್ ತೆಗೆದು 256 ಜಿಬಿ ಎಸ್ಎಸ್‌ಡಿ ಹಾಕಿದರೆ ಹಳೆಯ ಯಂತ್ರಕ್ಕೆ ಮದುವೆ ಕಳೆ ಬರುತ್ತದೆ. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸೌಂಡ್, ಮುಖ್ಯವಾಗಿ ಪ್ರಿಂಟರ್ ನೋಡಿ. ಊರೂರಿನ ಜೆರಾಕ್ಸ್ ಅಂಗಡಿಯ ದೇವರು ಕ್ಯಾನನ್ ಎಲ್‌ಬಿಪಿ2900, ಅದರ ಡ್ರೈವರ್ ಲಿನಕ್ಸಿನಲ್ಲಿ ಕಾಡಿಸಿ ಕಾಡಿಸಿ ಒಲಿಯುತ್ತದೆ. ಎಚ್‌ಪಿ 1020ಕ್ಕೆ ಎಚ್‌ಪಿಲಿಪ್ ಎಂಬ ಡ್ರೈವರ್ ಇದೆ, ಜತೆಗೊಂದು ಪ್ಲಗಿನ್ ಬೇಕು. ಪ್ಲಗಿನ್ ಎಲ್ಲಿಂದ? ಸರಿಯಾಗಿ ಊಹಿಸಿದಿರಿ.

ಕೊನೆಯ ಗಂಟು ಮಾತ್ರ ನಮ್ಮದೇ. ಎಲ್ಲ ಭಾಷೆಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ಕಚೇರಿಗಳಿಂದ ಬರುವ ಕಡತ ಇವತ್ತೂ ಹಳೆಯ ನುಡಿ ಫಾಂಟಿನಲ್ಲಿ ಇರುತ್ತದೆ, ಲಿನಕ್ಸಿನಲ್ಲಿ ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರದ ಮೇಲೆ ಗೀಟು, ನಡುನಡುವೆ ಬ್ರಿಟಿಷರ ಪೌಂಡ್ ಗುರುತು. ಹೆದರಬೇಡಿ, ಪೌಂಡ್ ಕಂಡಲ್ಲಿ ‘ನ’ ಇದೆ. ಓದುವುದಷ್ಟೇ ಆದರೆ ಹಳೆ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಟಿಟಿಎಫ್ ಫೈಲ್‌ಗಳನ್ನು ತಂದು ಹಾಕಿಕೊಂಡರೆ ಸಾಕು. ತಿದ್ದಬೇಕಾದರೆ ನುಡಿಯ ಆ ಹಳೆಯ ಆಸ್ಕಿ ರೂಪದಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬೇಕು. ಬದಲಿಸಿದ ಮೇಲೆ ಅರ್ಕಾವತ್ತು, ದೀರ್ಘಗಳ ಮೇಲೆ ಒಮ್ಮೆ ಕಣ್ಣಾಡಿಸದೆ ಸಹಿಗೆ ಕಳಿಸಬೇಡಿ. ಮಾನ್ಯ ಕಾರ್ಯದರ್ಶಿಗಳು ಅಲ್ಲಿ ಏನಾಗಿ ಕೂತಿರುತ್ತಾರೋ ಹೇಳಲಾಗದು.