ಟಿವಿ ಸತ್ತು ಸೌಟಾಗಿ ಹುಟ್ಟಿತು

ಪುನರ್ಜನ್ಮ ಇದೆಯೋ ಇಲ್ವೋ ಅಂತ ವಾದ ಮಾಡೋರು ಒಂದ್ಸಲ ಅಡುಗೆಮನೆಗೆ ಹೋಗಿ ಕಪ್ಪು ಪ್ಲಾಸ್ಟಿಕ್ ಸೌಟನ್ನ ನೋಡ್ಕೊಂಡು ಬನ್ನಿ. ಹೋದ ಜನ್ಮದಲ್ಲಿ ಅದು ಯಾರದೋ ಮನೆ ಟಿವಿ ಕ್ಯಾಬಿನೆಟ್ಟೋ ಪ್ರಿಂಟರ್ ಮುಚ್ಚಳವೋ ಆಗಿದ್ದಿರಬಹುದು. ಎಲ್ಲಾ ಸೌಟೂ ಅಲ್ಲ ಮಾರಾಯ್ರೆ, ಆದ್ರೆ ಕೆಲವನ್ನ ಲ್ಯಾಬಲ್ಲಿ ಟೆಸ್ಟ್ ಮಾಡಿದಾಗ ಬ್ರೋಮಿನ್ ಸಿಕ್ಕಿದೆ. ಸೌಟಿಗೆ ಬ್ರೋಮಿನ್ ಯಾಕ್ರೀ?

ಟಿವಿ ಬಿಸಿಯಾಗಿ ಹೊತ್ಕೋಬಾರ್ದು ಅಂತ ಅದರ ಪ್ಲಾಸ್ಟಿಕ್‌ಗೆ ಬೆಂಕಿ ತಡೆಯೋ ಬ್ರೋಮಿನ್ ಕೆಮಿಕಲ್ ಬೆರೆಸ್ತಿದ್ರು, ಅದಕ್ಕೆ ಜೊತೆಗಾರನಾಗಿ ಆಂಟಿಮನಿ ಬೇರೆ. ಒಳ್ಳೆ ಯೋಚನೆನೇ, ಬೇಡ ಅನ್ನಲ್ಲ. ಟಿವಿ ಕೆಟ್ಟ ಮೇಲೆ ಆ ಪ್ಲಾಸ್ಟಿಕ್‌ನ ಏನ್ ಮಾಡಿದ್ರು? ಎಷ್ಟೋ ಕಡೆ ಬಯಲಲ್ಲಿ ರಾಶಿ ಹಾಕಿ ಬೆಂಕಿ ಇಟ್ರು! ಉರೀಬಾರ್ದು ಅಂತ ದುಡ್ಡು ಕೊಟ್ಟು ಬೆರೆಸಿದ್ದನ್ನ ಪುಕ್ಕಟೆ ಉರಿಸೋದು, ಆಗ ಅದೇ ಬ್ರೋಮಿನ್ ಡಯಾಕ್ಸಿನ್, ಫ್ಯೂರಾನ್ ಅನ್ನೋ ವಿಷ ಆಗಿ ಹೊಗೆ ಜೊತೆ ಮೇಲೇಳೋದು, ಮೂಗು ಮುಚ್ಕೊಂಡು ಓಡೋದು ಮಾತ್ರ ನಾವು.

ಸುಡದೆ ಉಳಿದಿದ್ದು ರೀಸೈಕಲ್ ಅನ್ನೋ ಪುಣ್ಯಕ್ಷೇತ್ರಕ್ಕೆ ಹೋಗುತ್ತೆ. ಅಲ್ಲಿ ಪುಡಿ ಮಾಡಿ, ಹದವಾಗಿ ಉಪ್ಪು ಬೆರೆಸಿದ ನೀರಿನ ತೊಟ್ಟಿಗೆ ಸುರೀತಾರೆ. ಬ್ರೋಮಿನ್ ಇರೋ ಚೂರು ಭಾರ, ಮುಳುಗುತ್ತೆ, ಇಲ್ಲದ್ದು ತೇಲುತ್ತೆ. ಪಾಪ ಕೆಲವು ನಿರಪರಾಧಿ ಪ್ಲಾಸ್ಟಿಕ್ಕೂ ತೂಕ ಜಾಸ್ತಿ ಅಂತ ಮುಳುಗಿಬಿಡುತ್ತೆ, ಅದಿರ್ಲಿ. ಇನ್ನು ಬೆಳಕು ಬಿಟ್ಟು ಯಾವ ಪ್ಲಾಸ್ಟಿಕ್ ಅಂತ ಗುರುತಿಸೋ ಇನ್‌ಫ್ರಾರೆಡ್ ಮೆಷಿನ್ ಇದೆಯಲ್ಲ, ಅದಕ್ಕೆ ಕಪ್ಪು ಚೂರು ಕಾಣೋದೇ ಇಲ್ಲ, ಒಳಗಿರೋ ಮಸಿಯಂಥ ಕಾರ್ಬನ್ ಬ್ಲ್ಯಾಕ್ ಬೆಳಕನ್ನೆಲ್ಲ ನುಂಗಿ ಕೂತಿರುತ್ತೆ. ಸರಿ, ಸಾವಿರ ಬಣ್ಣದ ಚೂರು ಕರಗಿಸಿದ್ರೆ ಬರೋದು ಕೊಳಕು ಬಣ್ಣ, ಅದನ್ನ ಮುಚ್ಚೋಕೆ ಏನ್ ಹಾಕ್ತಾರೆ? ಇನ್ನಷ್ಟು ಕಪ್ಪು. ಮುಂದಿನ ಸಲ ಮೆಷಿನ್‌ಗೆ ಅದೂ ಕಾಣಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಈಗ ಬಂತು. 2009ರಲ್ಲಿ, ಸುಲಭಕ್ಕೆ ನಾಶವಾಗದ ವಿಷಗಳನ್ನ ತಡೆಯೋಕೆ ಮಾಡ್ಕೊಂಡ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಕೂತು, ಈ ಜಾತಿಯ ಕೆಲವು ಬ್ರೋಮಿನ್ ಕೆಮಿಕಲ್‌ಗಳು ಪ್ರಪಂಚದಿಂದಲೇ ತೊಲಗಬೇಕು ಅಂತ ಪಟ್ಟಿಗೆ ಸೇರಿಸಿದ್ವು. ಭೇಷ್. ಹಂಗೇ ಅದೇ ಉಸಿರಲ್ಲಿ, ಆ ಕೆಮಿಕಲ್ ಇರೋ ಹಳೇ ಸಾಮಾನನ್ನ ರೀಸೈಕಲ್ ಮಾಡ್ಕೊಳ್ಳೋಕೆ ಬೇಕಾದ ದೇಶಕ್ಕೆ 2030ರವರೆಗೆ ರಿಯಾಯ್ತಿ ಅಂತನೂ ಬರ್ಕೊಂಡ್ವು. ಅಂದ್ರೆ ವಿಷ ಹೊಸದಾದ್ರೆ ಅಪರಾಧ, ಸೆಕೆಂಡ್ ಹ್ಯಾಂಡ್ ಆದ್ರೆ ಪರಿಸರ ಪ್ರೇಮ.

2024ರಲ್ಲಿ ಇಂಥ ಕಪ್ಪು ಪ್ಲಾಸ್ಟಿಕ್ ಸಾಮಾನಿನ ಬಗ್ಗೆ ಒಂದು ಸಂಶೋಧನೆ ಬಂತು, ಅದರಲ್ಲಿ ಮನುಷ್ಯನಿಗೆ ದಿನದ ಸುರಕ್ಷಿತ ಮಿತಿ ಎಷ್ಟು ಅಂತ ಲೆಕ್ಕ ಹಾಕೋಕೆ 60 ಕೆಜಿ ತೂಕವನ್ನ ಕೆಜಿಗೆ 7,000 ನ್ಯಾನೋಗ್ರಾಂನಿಂದ ಗುಣಿಸೋವಾಗ ಒಂದು ಸೊನ್ನೆ ಬಿಟ್ಟುಹೋಗಿ 4,20,000 ಬದಲು 42,000 ಅಂತ ಬಿತ್ತು. ಸುರಕ್ಷಿತ ಮಿತಿ ನಿಜವಾಗಿ ಹತ್ತು ಪಟ್ಟು ಜಾಸ್ತಿ, ಒಪ್ಕೊಂಡು ತಿದ್ದಿದ್ರು. ಅಷ್ಟೇ ಸಾಕಾಯ್ತು, ಎಲ್ರೂ ಸೊನ್ನೆ ಬಗ್ಗೆ ನಕ್ಕಿದ್ದೇ ನಕ್ಕಿದ್ದು. ಟಿವಿಯ ಬ್ರೋಮಿನ್ ಸೌಟಿಗೆ ಬಂದಿದ್ದು ಹೆಂಗೆ ಅಂತ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ.

ಇನ್ನು ಪ್ಲಾಸ್ಟಿಕ್ ತಿನ್ನೋ ಹುಳ ಇದೆ ಬಿಡಿ ಅನ್ನೋರು ಇದ್ದಾರೆ. ಇದೆ ಸ್ವಾಮಿ, ಮೀಲ್‌ವರ್ಮ್. 2015ರ ಪ್ರಯೋಗದಲ್ಲಿ 100 ಹುಳ ದಿನಕ್ಕೆ 34ರಿಂದ 39 ಮಿಲಿಗ್ರಾಂ ಥರ್ಮೋಕೋಲ್ ತಿಂದ್ವು. ಎರಡು ಕೆಜಿ ಟಿವಿ ಕ್ಯಾಬಿನೆಟ್‌ನ ಅವು ಅದೇ ಸ್ಪೀಡಲ್ಲಿ ತಿಂತಾವೆ ಅಂತಿಟ್ಕೊಂಡ್ರೂ ನೂರನಲವತ್ತು ವರ್ಷಕ್ಕೆ ಕಮ್ಮಿ ಇಲ್ಲ, ಮೊಮ್ಮಗನ ಮೊಮ್ಮಗ ಬಂದು ನೋಡ್ಕೋಬೇಕು. ಆಮೇಲೆ ಬೆಂಕಿ ತಡೆಯೋ ಬ್ರೋಮಿನ್ ಕೆಮಿಕಲ್ ಸೇರಿದ ಥರ್ಮೋಕೋಲನ್ನೂ ತಿನ್ಸಿ ನೋಡಿದ್ರು. ಹುಳ ತಿಂತು, ಆ ಕೆಮಿಕಲ್‌ನ 24 ಗಂಟೆಯೊಳಗೆ ಶೇ 90ರಷ್ಟು ಹೊರಗೆ ಹಾಕ್ತು. 2030ರವರೆಗೆ ರಿಯಾಯ್ತಿ ಇದೆ ಅಂತ ಅದಕ್ಕೆ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ.