ಎದುರಿನವರು ತೆಗೆದುಕೊಂಡರಂತೆ

ಹೊಸ ತಂತ್ರಜ್ಞಾನವನ್ನು ಜನ ಯಾವಾಗ, ಏಕೆ ಒಪ್ಪಿಕೊಳ್ಳುತ್ತಾರೆ ಎಂಬುದನ್ನು ಕಂಡುಹಿಡಿಯಲು ವಿದ್ವಾಂಸರು ಬಹಳ ಬೆವರು ಸುರಿಸಿದ್ದಾರೆ. ಎವೆರೆಟ್ ರೋಜರ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1962ರಲ್ಲಿ ಇಂಥ ಜನರನ್ನು ಐದು ಗುಂಪುಗಳಾಗಿ ವಿಂಗಡಿಸಿ, ಎಲ್ಲರಿಗಿಂತ ಮೊದಲು ನುಗ್ಗುವವರು ಶೇ 2.5ರಷ್ಟು, ಕೊನೆಗೆ ಕಾಲೆಳೆಯುತ್ತ ಬರುವವರು ಶೇ 16ರಷ್ಟು ಎಂದು ಲೆಕ್ಕ ಕೊಟ್ಟರು. 1989ರಲ್ಲಿ ಫ್ರೆಡ್ ಡೇವಿಸ್ ಎಂಬವರು, ಇದು ನನಗೆ ಉಪಯೋಗಕ್ಕೆ ಬಂದೀತೇ, ಬಳಸಲು ಸುಲಭವಾದೀತೇ ಎಂಬ ಎರಡು ಅನಿಸಿಕೆಗಳೇ ಇಲ್ಲಿ ನಿರ್ಣಾಯಕ ಎಂದರು. ಇಬ್ಬರ ವಿದ್ವತ್ತಿಗೂ ನಮಸ್ಕಾರ. ಆದರೆ ಸಣ್ಣ ಉದ್ದಿಮೆಯ ಮಾಲೀಕರ ಮೇಜಿನ ಪಕ್ಕದಲ್ಲಿ ಅರ್ಧ ದಿನ ಕುಳಿತವರಿಗೆ, ಈ ಎರಡನ್ನೂ ನುಂಗಿಹಾಕುವ ಮೂರನೆಯ ಪ್ರಶ್ನೆಯೊಂದಿದೆ ಎಂಬುದು ಗೊತ್ತು: "ಎದುರಿನವರು ತೆಗೆದುಕೊಂಡಿದ್ದಾರಾ?"

ತೆಗೆದುಕೊಂಡಿಲ್ಲವೆಂದಾದರೆ, "ಅವರಿಗೇ ಬೇಡದ್ದು ನಮಗೇಕೆ?" ಎಂದು ಕಡತ ಮುಚ್ಚುತ್ತದೆ. ತೆಗೆದುಕೊಂಡಿದ್ದಾರೆ ಎಂದಾದರೆ, "ನಾವೇನು ಅವರಿಗಿಂತ ಕಡಿಮೆಯೇ?" ಎಂದು ಚೆಕ್ ಪುಸ್ತಕ ತೆರೆಯುತ್ತದೆ. ಎದುರಿನವರೂ ಅದೇ ಹೊತ್ತಿಗೆ ಕಿಟಕಿಯಿಂದ ಇತ್ತ ಇಣುಕುತ್ತ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿರುವುದರಿಂದ, ತಾತ್ವಿಕವಾಗಿ ನೋಡಿದರೆ ಜಗತ್ತಿನಲ್ಲಿ ಯಾರೊಬ್ಬರೂ ಏನನ್ನೂ ಕೊಳ್ಳಬಾರದಿತ್ತು. ಈ ಬಿಕ್ಕಟ್ಟನ್ನು ಬಿಡಿಸುವವನು ಮಾರಾಟ ಪ್ರತಿನಿಧಿ. ಬೆಳಿಗ್ಗೆ ಆತ ಇವರ ಬಳಿ ಬಂದು ಅವರು ತೆಗೆದುಕೊಂಡರು ಎನ್ನುತ್ತಾನೆ, ಮಧ್ಯಾಹ್ನ ಅವರ ಬಳಿ ಹೋಗಿ ಇವರು ತೆಗೆದುಕೊಂಡರು ಎನ್ನುತ್ತಾನೆ. ಸಂಜೆಯ ಹೊತ್ತಿಗೆ ಎರಡು ಮಾತೂ ನಿಜವಾಗಿರುತ್ತವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನ ಕಥೆಯಲ್ಲಿ ಕೊನೆಪಕ್ಷ ಎತ್ತಾದರೂ ಒಂದಿತ್ತು.

ಬಿಲ್ಲು ಬರೆಯುವ ತಂತ್ರಾಂಶವನ್ನೇ ತೆಗೆದುಕೊಳ್ಳಿ, ಖರೀದಿಗೆ ಮುನ್ನ ಡೆಮೊ, ಅಂದರೆ ಮಾಡಿ ತೋರಿಸುವ ಪ್ರದರ್ಶನ, ಎಂಬುದೊಂದು ನಡೆಯುತ್ತದೆ. ಡೆಮೊದೊಳಗಿನ ಲೋಕ ಬಹಳ ಸುಂದರವಾದುದು. ಅಲ್ಲಿ ಒಟ್ಟು ಮೂವರು ಗ್ರಾಹಕರಿರುತ್ತಾರೆ ಮತ್ತು ಮೂವರೂ ಪೂರ್ತಿ ಹಣ ಕೊಟ್ಟಿರುತ್ತಾರೆ. ಸರಕು ವಾಪಸು ತರುವವನು, ಅರ್ಧ ಕೊಟ್ಟು ಉಳಿದದ್ದನ್ನು ಮುಂದಿನ ವಾರ ಎನ್ನುವವನು, ಒಂದೇ ಬಿಲ್ಲನ್ನು ಎರಡು ಹೆಸರಿಗೆ ಹರಿದುಕೊಡಿ ಎನ್ನುವವನು ಆ ಲೋಕಕ್ಕೆ ಕಾಲಿಡುವುದಿಲ್ಲ. ಇಂಥವರನ್ನೆಲ್ಲ ಹತ್ತು ವರ್ಷಗಳಿಂದ ಸಂಭಾಳಿಸಿಕೊಂಡು ಬಂದಿರುವ ಗುಮಾಸ್ತರು ಒಂದು ಮಾತು ಕೇಳಬಹುದಿತ್ತು. ಆದರೆ ಆ ಹೊತ್ತಿಗೆ ಅವರನ್ನು ಪ್ರತಿನಿಧಿಗೊಂದು ಕುರ್ಚಿ ತರಲು ಕಳುಹಿಸಲಾಗಿರುತ್ತದೆ. ತಜ್ಞರ ಸ್ಥಾನದಲ್ಲಿ ಮಾಲೀಕರ ಸೋದರಳಿಯ ಕುಳಿತಿರುತ್ತಾನೆ. ಅವನ ಅರ್ಹತೆ ಏನೆಂದರೆ, ಆ ಕೋಣೆಯಲ್ಲಿರುವ ಫೋನುಗಳಲ್ಲಿ ಅವನದೇ ಹೊಸದು.

ಹಿಂದೆ ಹೀಗಿರಲಿಲ್ಲ ಎನ್ನಲು ನನ್ನ ಬಳಿ ಒಂದೇ ಒಂದು ಸಾಕ್ಷಿಯಿದೆ. ಅಮೆರಿಕದ ಡೇಟನ್ ನಗರದಲ್ಲಿ ಮದ್ಯದಂಗಡಿ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ ಎಂಬವರಿಗೆ, ಗಿರಾಕಿಗಳು ಕೊಟ್ಟ ಹಣ ತಮ್ಮ ಪೆಟ್ಟಿಗೆಯ ಬದಲು ಕೆಲಸದವರ ಜೇಬಿಗೆ ಇಳಿಯುತ್ತಿದೆ ಎಂಬುದು ಸ್ಪಷ್ಟವಾಗಿ ತಿಳಿದಿತ್ತು. ಹಡಗೊಂದರಲ್ಲಿ ಪ್ರಯಾಣಿಸುವಾಗ ಹಡಗನ್ನು ಮುಂದೆ ತಳ್ಳುವ ಪ್ರೊಪೆಲ್ಲರಿನ ಸುತ್ತುಗಳನ್ನು ಎಣಿಸುವ ಯಂತ್ರವನ್ನು ಕಂಡು, ಸುತ್ತುಗಳನ್ನು ಎಣಿಸಬಹುದಾದರೆ ಹಣವನ್ನೇಕೆ ಎಣಿಸಬಾರದು ಎಂದು ಯೋಚಿಸಿ, ಸೋದರನೊಂದಿಗೆ ಸೇರಿ 1879ರಲ್ಲಿ ನಗದು ಯಂತ್ರಕ್ಕೆ ಪೇಟೆಂಟ್ ಪಡೆದರು. ರೋಗ ಯಾವುದೆಂದು ಗೊತ್ತಿದ್ದವರೇ ಅಲ್ಲಿ ಮದ್ದು ಅರೆದಿದ್ದರು. ಈಗ ಮದ್ದಿನ ಬಾಟಲಿ ಮೊದಲು ಮನೆಗೆ ಬರುತ್ತದೆ, ಆಮೇಲೆ ಅದಕ್ಕೆ ತಕ್ಕ ರೋಗವನ್ನು ಸಿಬ್ಬಂದಿಯಲ್ಲಿ ಹುಡುಕಲಾಗುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲಂತೂ, "ನಮ್ಮಲ್ಲೂ ಎಐ ಇರಬೇಕು" ಎಂಬ ವಾಕ್ಯ ಮೊದಲು ಹುಟ್ಟಿ, "ಯಾತಕ್ಕೆ" ಎಂಬ ಪದ ಇನ್ನೂ ದಾರಿಯಲ್ಲಿದೆ.

ಹೊಸದು ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಗುಮಾಸ್ತರ ಮೇಜಿನ ಬಳಿ ನಿಂತೇ ನೋಡಬೇಕು. ಅವರು ಬಿಲ್ಲನ್ನು ಕಂಪ್ಯೂಟರಿನಲ್ಲಿ ಎರಡು ಬೆರಳುಗಳಿಂದ ಕುಟ್ಟುತ್ತಾರೆ. ಪರದೆಯ ಮೇಲೆ ಮೊತ್ತ ಮೂಡುತ್ತದೆ. ಮೇಜಿನ ಖಾನೆಯಿಂದ ಕ್ಯಾಲ್ಕುಲೇಟರ್ ತೆಗೆದು ಆ ಮೊತ್ತ ಸರಿಯಿದೆಯೇ ಎಂದು ಕೂಡಿ ನೋಡುತ್ತಾರೆ, ಬಳಿಕ ಉದ್ದನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆದು, ಬರೆದದ್ದರ ಎದುರು ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಾರೆ. ಒಂದು ಸಲ ಆಗುತ್ತಿದ್ದ ಕೆಲಸ ಈಗ ಮೂರು ಸಲ ಆಗುತ್ತಿದೆ. ಇದನ್ನು ಮಾಲೀಕರು ಡಿಜಿಟಲೀಕರಣ ಎಂದು ಕರೆಯುತ್ತಾರೆ. ಕಂಪ್ಯೂಟರ್ ಯುಗ ಎಲ್ಲೆಲ್ಲೂ ಕಾಣಿಸುತ್ತಿದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣಿಸುತ್ತಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲಿ ಬರೆದಾಗ ಬಹುಶಃ ಇಂಥದೇ ಮೇಜೊಂದು ಅವರ ಕಣ್ಣಿಗೆ ಬಿದ್ದಿರಬೇಕು.

ಹಾಗೆಂದು ಬೇಡ ಎನ್ನುವವರೆಲ್ಲ ಜಾಣರೆಂದೂ ಹೇಳಲಾರೆ. ಹತ್ತು ವರ್ಷದ ಲೆಕ್ಕವನ್ನು ಒಂದು ತಂತ್ರಾಂಶದೊಳಗೆ ತುಂಬುವುದು ಸುಲಭ, ಅದನ್ನು ಬಿಡುವ ದಿನ ಲೆಕ್ಕವನ್ನು ಹೊರಗೆಳೆಯುವುದು ಕಷ್ಟ. ಉಚಿತ ಅವಧಿ ಮುಗಿಯುವ ದಿನವೇ ನಿಜವಾದ ಬೆಲೆ ಗೊತ್ತಾಗುವುದು. ಇವು ಬೇಡ ಎನ್ನಲು ಒಳ್ಳೆಯ ಕಾರಣಗಳು. ಆದರೆ ಬೇಡ ಎಂದ ಮಾಲೀಕರನ್ನು ವಿಚಾರಿಸಿದರೆ, ಬಂದ ಪ್ರತಿನಿಧಿ ಕೂತ ಶೈಲಿ ತಮಗೆ ಹಿಡಿಸಲಿಲ್ಲ ಎನ್ನುತ್ತಾರೆ.

ಇತ್ತೀಚೆಗೆ ಇಂಥದೊಂದು ಕಡೆ, ಎರಡನೆಯ ವರ್ಷದ ಚಂದಾ ಕಟ್ಟಿದ ಸಂತೋಷದಲ್ಲಿದ್ದ ಮಾಲೀಕರು ಗುಮಾಸ್ತರನ್ನು ಮೊತ್ತಮೊದಲ ಬಾರಿಗೆ ಕೇಳಿದರು: "ನಿಮ್ಮ ಕೆಲಸ ಇನ್ನೂ ಬೇಗ ಆಗಬೇಕಾದರೆ ಏನು ಬೇಕು ಹೇಳಿ." ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ, "ಪ್ರಿಂಟರಿನಲ್ಲಿ ಪ್ರತಿ ಬಿಲ್ಲಿಗೂ ಕಾಗದ ಸಿಕ್ಕಿಹಾಕಿಕೊಳ್ಳುತ್ತಿದೆ ಸರ್, ಅದರ ರಬ್ಬರ್ ರೋಲರ್ ಸವೆದುಹೋಗಿದೆ, ಬದಲಾಯಿಸಿಕೊಟ್ಟರೆ ಸಾಕು" ಎಂದರು.

ಮಾಲೀಕರು ನಿಟ್ಟುಸಿರುಬಿಟ್ಟು, "ಈ ವರ್ಷ ಖರ್ಚು ತುಂಬಾ ಆಗಿಬಿಟ್ಟಿದೆ, ಮುಂದಿನ ವರ್ಷ ನೋಡೋಣ" ಎಂದರು.